ಸರ್ವರ್ ಹೊಸದು ಬಂತು, ಡೆಸ್ಕ್‌ಟಾಪ್ ಎಲ್ಲಿ ಹೋಯ್ತು?

ಆಫೀಸಿನ ಸರ್ವರ್ ಬದಲಿಸಿದ ಮರುದಿನ ಬೆಳಿಗ್ಗೆ ಕೇಳಿಬರುವ ಮೊದಲ ಮಾತು ಹೆಚ್ಚುಕಮ್ಮಿ ಇದೇ: "ಸರ್, ನನ್ನ ಡೆಸ್ಕ್‌ಟಾಪ್ ಮ್ಯಾಲಿನ ಫೈಲ್ ಎಲ್ಲಾ ಹೋಗ್ಯಾವ್ರಿ!" ಹುಬ್ಬಳ್ಳಿ ಗೋಕುಲ ರೋಡಿನ ಸ್ಪೇರ್ ಪಾರ್ಟ್ಸ್ ಡೀಲರ್ ಇರಲಿ, ವಿದ್ಯಾನಗರದ ಸಿಎ ಆಫೀಸ್ ಇರಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ಇರಲಿ, ಕಥೆ ಒಂದೇ. ಯೂಸರ್ ಹೆಸರು ಅದೇ. ಪಾಸ್‌ವರ್ಡ್ ಅದೇ. ಟೇಬಲ್ ಮೇಲಿನ ಕಂಪ್ಯೂಟರ್ ಕೂಡ ಅದೇ. ಲಾಗಿನ್ ಆದರೆ ಮಾತ್ರ ವಿಂಡೋಸ್‌ನ ಚಿತ್ರ, ಒಂದು ರಿಸೈಕಲ್ ಬಿನ್, ಅಷ್ಟೇ.

ಗಾಬರಿ ಬೇಡ. ಸಾಮಾನ್ಯವಾಗಿ ಏನೂ ಹೋಗಿರುವುದಿಲ್ಲ. ಹಳೆಯದೆಲ್ಲ ಅದೇ ಹಾರ್ಡ್ ಡಿಸ್ಕ್‌ನಲ್ಲಿ ಇದ್ದಲ್ಲೇ ಇರುತ್ತದೆ. ವಿಂಡೋಸ್ ಅದನ್ನು ನಿಮ್ಮದು ಎಂದು ಒಪ್ಪುತ್ತಿಲ್ಲ, ಅದೇ ಸಮಸ್ಯೆ. ಯಾಕೆ ಒಪ್ಪುವುದಿಲ್ಲ ಎಂದು ತಿಳಿದರೆ ಉಳಿದದ್ದು ಕಷ್ಟವಲ್ಲ.

ಮೊದಲು, ಪ್ರೊಫೈಲ್ ಅಂದರೆ ಏನು? ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆದರೆ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಕಾಣುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಅದರೊಳಗೇ ಇರುತ್ತವೆ. ಆಪ್‌ಡೇಟಾ ಎಂಬ ಮರೆಯಾದ ಫೋಲ್ಡರ್ ಕೂಡ ಅಲ್ಲೇ ಇದೆ. ಕ್ರೋಮ್‌ನ ಬುಕ್‌ಮಾರ್ಕ್, ಔಟ್‌ಲುಕ್‌ನ ಕ್ಯಾಶ್, ಸ್ಟಿಕಿ ನೋಟ್ಸ್ ಎಲ್ಲ ಕುಳಿತಿರುವುದು ಅದರಲ್ಲಿ. ಇನ್ನೊಂದು ಫೈಲ್ ಇದೆ, ಎನ್‌ಟಿಯೂಸರ್ ಡಾಟ್ ಡ್ಯಾಟ್ ಅಂತ. ಅದು ಆ ವ್ಯಕ್ತಿಯ ರಿಜಿಸ್ಟ್ರಿ. ಯಾವ ಪ್ರಿಂಟರ್ ಡಿಫಾಲ್ಟ್, ಯಾವ ನೆಟ್‌ವರ್ಕ್ ಡ್ರೈವ್ ಜೋಡಿಸಿದೆ, ಔಟ್‌ಲುಕ್‌ನಲ್ಲಿ ಯಾವ ಖಾತೆ ಇದೆ, ಎಕ್ಸೆಲ್ ಹೇಗೆ ಸೆಟ್ ಆಗಿದೆ, ಇದೆಲ್ಲ ಅದರಲ್ಲಿ ಬರೆದಿರುತ್ತದೆ. ಫೈಲುಗಳನ್ನಷ್ಟೇ ಕಾಪಿ ಮಾಡಿಕೊಟ್ಟು "ಎಲ್ಲಾ ಬಂತು ನೋಡ್ರಿ" ಅಂದರೆ ಸಿಬ್ಬಂದಿ ಒಪ್ಪದಿರುವುದು ಇದಕ್ಕೇ. ಅವರಿಗೆ ಬೇಕಾದದ್ದು ತಮ್ಮ ಕಂಪ್ಯೂಟರ್ ನಿನ್ನೆ ಇದ್ದ ಹಾಗೇ ಇರುವುದು.

ಈಗ ಮುಖ್ಯ ವಿಷಯ. ವಿಂಡೋಸ್‌ಗೆ ನಿಮ್ಮ ಹೆಸರು ಬೇಕಾಗಿಲ್ಲ. ಅದು ನಿಮ್ಮನ್ನು ಗುರುತಿಸುವುದು ಎಸ್‌ಐಡಿ ಎಂಬ ಉದ್ದನೆಯ ಸಂಖ್ಯೆಯಿಂದ. ಅದು ಎಸ್-1-5-21 ಎಂದು ಶುರುವಾಗುತ್ತದೆ, ಆಮೇಲೆ ಮೂರು ದೊಡ್ಡ ಸಂಖ್ಯೆ ಬರುತ್ತವೆ, ಕೊನೆಗೆ ಒಂದು ಚಿಕ್ಕ ಸಂಖ್ಯೆ. ನಡುವಿನ ಮೂರು ಸಂಖ್ಯೆ ನಿಮ್ಮ ಡೊಮೇನ್‌ಗೆ (ಆಫೀಸಿನ ಯೂಸರ್, ಕಂಪ್ಯೂಟರ್‌ಗಳನ್ನೆಲ್ಲ ಸರ್ವರ್ ಒಂದೇ ಕಡೆ ಸೇರಿಸಿಟ್ಟ ಗುಂಪಿಗೆ) ಸೇರಿದ್ದು, ಡೊಮೇನ್ ಹುಟ್ಟಿದ ದಿನವೇ ನಿಗದಿಯಾಗಿರುತ್ತವೆ. ಕೊನೆಯದು ವ್ಯಕ್ತಿಗೆ ಸೇರಿದ್ದು. 500 ಇದ್ದರೆ ಅದು ಅಡ್ಮಿನಿಸ್ಟ್ರೇಟರ್, ನಾವು ಮಾಡಿಕೊಂಡ ಯೂಸರ್‌ಗಳಿಗೆ 1000ದಿಂದ ಮೇಲಿನದು. ಹಳೆ ಸರ್ವರ್‌ನಲ್ಲಿ ಇದ್ದದ್ದು "ಆಫೀಸ್" ಎಂಬ ಡೊಮೇನ್, ಹೊಸದರಲ್ಲೂ "ಆಫೀಸ್" ಎಂದೇ ಹೆಸರಿಟ್ಟಿರಿ, ಸವಿತಾ ಎಂಬ ಯೂಸರ್ ಕೂಡ ಮಾಡಿದಿರಿ ಅಂದುಕೊಳ್ಳಿ. ಕಣ್ಣಿಗೆ ಎರಡೂ ಒಂದೇ. ಒಳಗಿನ ಆ ಮೂರು ಸಂಖ್ಯೆ ಬೇರೆ, ಹಾಗಾಗಿ ವಿಂಡೋಸ್ ಪಾಲಿಗೆ ಈ ಸವಿತಾ ಇವತ್ತೇ ಕೆಲಸಕ್ಕೆ ಸೇರಿದ ಬೇರೆ ಯಾರೋ.

ಯಾವ ಎಸ್‌ಐಡಿಗೆ ಯಾವ ಫೋಲ್ಡರ್ ಎಂಬ ಲೆಕ್ಕವನ್ನು ಪ್ರತಿ ಕಂಪ್ಯೂಟರ್ ತನ್ನ ರಿಜಿಸ್ಟ್ರಿಯಲ್ಲಿ ಪ್ರೊಫೈಲ್‌ಲಿಸ್ಟ್ ಎಂಬ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ನಮ್ಮ ಕಡೆಯ ಉತಾರದ (ಪಹಣಿಯ) ಹಾಗೆ ಅನ್ನಿ. ಹೊಲ ಇದ್ದಲ್ಲೇ ಇದೆ, ಉತಾರದಲ್ಲಿ ಮಾತ್ರ ಹೆಸರು ಬೇರೆಯವರದು. ಹೊಸ ಸವಿತಾ ಹೆಸರಲ್ಲಿ ಏನೂ ಇಲ್ಲದ್ದರಿಂದ ವಿಂಡೋಸ್ ಹೊಸ ಫೋಲ್ಡರ್ ಮಾಡಿಕೊಡುತ್ತದೆ. "ಸವಿತಾ" ಎಂಬ ಫೋಲ್ಡರ್ ಮೊದಲೇ ಇರುವುದರಿಂದ ಹೊಸದಕ್ಕೆ "ಸವಿತಾ.ಆಫೀಸ್" ಎಂದು ಹೆಸರು ಬೀಳುತ್ತದೆ. ಅದೂ ಇದ್ದರೆ "ಸವಿತಾ.ಆಫೀಸ್.000". ಯೂಸರ್ಸ್ ಫೋಲ್ಡರ್‌ನಲ್ಲಿ ಇಂಥ ಬಾಲದ ಹೆಸರು ಕಂಡರೆ ಹಿಂದೆ ಇದೇ ತಾಪತ್ರಯ ನಡೆದಿದೆ ಎಂದು ತಿಳಿಯಿರಿ.

ಇದರಿಂದ ಒಂದು ಮಾತು ಗೊತ್ತಾಗುತ್ತದೆ, ಹೊಸ ಸರ್ವರ್‌ಗೆ ಕೊಟೇಶನ್ ತೆಗೆದುಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಪ್ರೊಫೈಲ್ ಸಾಗಿಸುವ ಕೆಲಸ ಬೀಳುತ್ತದೋ ಇಲ್ಲವೋ ಎಂಬುದು ಸರ್ವರ್ ಹೇಗೆ ಬದಲಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಹಳೆ ಸರ್ವರ್ ಇನ್ನೂ ಓಡುತ್ತಿದೆಯಾ? ಹಾಗಾದರೆ ಹೊಸ ಡೊಮೇನ್ ಮಾಡಲೇಬೇಡಿ. ಹೊಸ ಸರ್ವರ್ ಅನ್ನು ಅದೇ ಡೊಮೇನ್‌ಗೆ ಎರಡನೇ ಡೊಮೇನ್ ಕಂಟ್ರೋಲರ್ (ಡೊಮೇನ್ ನಡೆಸುವ ಸರ್ವರ್) ಆಗಿ ಸೇರಿಸಿ. ಯೂಸರ್‌ಗಳು, ಪಾಸ್‌ವರ್ಡ್‌ಗಳು, ಎಸ್‌ಐಡಿಗಳು ಎಲ್ಲ ತಾವೇ ಅದಕ್ಕೆ ನಕಲಾಗುತ್ತವೆ. ಒಂದು ಸಲಕ್ಕೆ ಒಂದೇ ಸರ್ವರ್ ಹೊರುವ ಎಫ್‌ಎಸ್‌ಎಂಒ ಎಂಬ ಐದು ಜವಾಬ್ದಾರಿಗಳಿವೆ, ಅವನ್ನು ಹೊಸದಕ್ಕೆ ವರ್ಗಾಯಿಸಿ. ಶೇರ್ ಫೋಲ್ಡರ್, ಪ್ರಿಂಟರ್, ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಸಾಗಿಸಿ. ಆಮೇಲೆ ಹಳೆಯದನ್ನು ಕ್ರಮವಾಗಿ ಕೆಳಗಿಳಿಸಿ, ಸುಮ್ನೆ ಪ್ಲಗ್ ಕೀಳಬೇಡಿ. ಸಿಬ್ಬಂದಿಗೆ ಏನಾಯಿತೆಂದೇ ಗೊತ್ತಾಗುವುದಿಲ್ಲ, ಪ್ರೊಫೈಲ್ ಮುಟ್ಟುವ ಕೆಲಸವೇ ಇಲ್ಲ. ಆದರೂ ಎಷ್ಟೋ ಕಡೆ "ಹಳೇದರ ಕಸ ಯಾಕ ಬೇಕ್ರಿ, ಫ್ರೆಶ್ ಮಾಡಿಬಿಡೋಣ" ಎಂದು ಹೊಸ ಡೊಮೇನ್ ಹಾಕುತ್ತಾರೆ. ಹಾಕುವವರಿಗೆ ಅದು ಅರ್ಧ ದಿನದ ಕೆಲಸ, ಬಳಸುವವರಿಗೆ ವಾರದ ಗೋಳು. ನನ್ನ ಪ್ರಕಾರ ಹತ್ತು ಕಂಪ್ಯೂಟರ್ ಮೀರಿದ ಆಫೀಸಿಗೆ ಸುಮ್ನೆ ಫ್ರೆಶ್ ಮಾಡುವುದು ತಪ್ಪು ನಿರ್ಧಾರ, ಹಳೆ ಡೊಮೇನ್ ನಿಜಕ್ಕೂ ಕೆಟ್ಟು ಕೂತಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ.

ಮೈಕ್ರೋಸಾಫ್ಟ್ ಸಣ್ಣ ಆಫೀಸುಗಳಿಗೆಂದೇ ಕೊಡುತ್ತಿದ್ದ ಹಳೆಯ ಸ್ಮಾಲ್ ಬಿಸಿನೆಸ್ ಸರ್ವರ್ ಇದ್ದವರಿಗೆ ಇಲ್ಲಿ ಎರಡು ಮಾತು. ಅದರ ಕೊನೆಯ ಆವೃತ್ತಿ 2011ರದ್ದು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. 75 ಯೂಸರ್‌ವರೆಗೆ ಎಂಬ ಮಿತಿಯ ಜೊತೆಗೆ ಅದಕ್ಕೆ ಇನ್ನೊಂದು ಹಠ ಇದೆ: ಆ ಐದೂ ಜವಾಬ್ದಾರಿ ತನ್ನ ಬಳಿಯೇ ಇರಬೇಕು. ವರ್ಗಾಯಿಸಿದ ಮೇಲೆ 21 ದಿನದ ಗಡುವು, ಅಷ್ಟರಲ್ಲಿ ಅದನ್ನು ಡೊಮೇನ್‌ನಿಂದ ಹೊರಗೆ ಕಳಿಸಬೇಕು, ಇಲ್ಲವಾದರೆ ತಾನೇ ಆಗಾಗ ಆಫ್ ಆಗತೊಡಗುತ್ತದೆ. ಬೇರೆ ಡೊಮೇನ್ ಜೊತೆ ಟ್ರಸ್ಟ್ (ಒಂದರ ಯೂಸರ್‌ಗಳನ್ನು ಇನ್ನೊಂದು ಒಪ್ಪುವ ಒಪ್ಪಂದ) ಮಾಡಿಕೊಳ್ಳಲೂ ಅದು ಬಿಡುವುದಿಲ್ಲ. ಹಾಗಾಗಿ ಎಡಿಎಂಟಿ ಎಂಬ ಮೈಕ್ರೋಸಾಫ್ಟ್‌ನದೇ ವರ್ಗಾವಣೆ ಸಾಧನ ಇದ್ದರೂ, ಅದಕ್ಕೆ ಟ್ರಸ್ಟ್ ಬೇಕಾದ್ದರಿಂದ ಇಂಥ ಆಫೀಸುಗಳಿಗೆ ಉಪಯೋಗಕ್ಕೆ ಬರುವುದಿಲ್ಲ. ಡೊಮೇನ್ 2003ರ ಕಾಲದಿಂದ ನಡೆದುಬಂದಿದ್ದರೆ ಇನ್ನೊಂದು ಅಡ್ಡಿ: ಡೊಮೇನ್‌ನ ನಿಯಮಗಳಿರುವ ಸಿಸ್‌ವಾಲ್ ಫೋಲ್ಡರ್ ಎಫ್‌ಆರ್‌ಎಸ್ ಎಂಬ ಹಳೆ ವಿಧಾನದಲ್ಲೇ ನಕಲಾಗುತ್ತಿರಬಹುದು. ಅದನ್ನು ಮೊದಲು ಡಿಎಫ್‌ಎಸ್‌ಆರ್ ಎಂಬ ಹೊಸ ವಿಧಾನಕ್ಕೆ ಬದಲಿಸದಿದ್ದರೆ ವಿಂಡೋಸ್ ಸರ್ವರ್ 2019 ಮತ್ತು ಆಮೇಲಿನವು ಡೊಮೇನ್ ಕಂಟ್ರೋಲರ್ ಆಗಲು ಒಪ್ಪುವುದಿಲ್ಲ.

ಸರ್ವರ್ ಸತ್ತೇ ಹೋಗಿದ್ದರೆ? ಸಿಸ್ಟಮ್ ಸ್ಟೇಟ್ (ಡೊಮೇನ್‌ನ ಮಾಹಿತಿಯೂ ಇರುವ ವಿಂಡೋಸ್‌ನ ಒಳಭಾಗ) ಸೇರಿದ ಬ್ಯಾಕಪ್ ಇದೆಯಾ ನೋಡಿ. ಅದರಿಂದ ಡೊಮೇನ್ ಅನ್ನೇ ವಾಪಸ್ ಎಬ್ಬಿಸಬಹುದು, ಎಸ್‌ಐಡಿಗಳೂ ಹಳೆಯವೇ ಬರುತ್ತವೆ. ನಮ್ಮ ಕಡೆ ಬ್ಯಾಕಪ್ ಅಂದರೆ ಸಾಮಾನ್ಯವಾಗಿ ಟ್ಯಾಲಿ ಡೇಟಾ ಪೆನ್ ಡ್ರೈವ್‌ಗೆ ಹಾಕಿ ಮಾಲೀಕರ ಜೇಬಿಗೆ ಹೋಗಿರುತ್ತದೆ. ಅದು ಒಳ್ಳೆಯದೇ, ಆದರೆ ಅದರಿಂದ ಡೊಮೇನ್ ಬರುವುದಿಲ್ಲ. ಆಗ ಹೊಸ ಡೊಮೇನ್ ಬಿಟ್ಟು ದಾರಿಯಿಲ್ಲ, ಪ್ರತಿ ಕಂಪ್ಯೂಟರ್ ಮುಂದೆ ಕೂತು ಪ್ರೊಫೈಲ್ ಸಾಗಿಸಲೇಬೇಕು.

ಸಾಗಿಸುವುದಕ್ಕೆ ಎರಡು ಬಗೆಯ ದಾರಿ. ಒಂದು, ಹಳೆ ಫೋಲ್ಡರ್‌ನಿಂದ ಹೊಸದಕ್ಕೆ ಕಾಪಿ ಮಾಡುವುದು. ಇನ್ನೊಂದು, ಫೋಲ್ಡರ್ ಅಲ್ಲೇ ಬಿಟ್ಟು ಒಡೆತನ ಬದಲಿಸುವುದು.

ಕಾಪಿ ಮಾಡುವುದು ಎಲ್ಲರಿಗೂ ತೋಚುವ ದಾರಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮಟ್ಟಿಗೆ ಸರಿ. ಇಡೀ ಪ್ರೊಫೈಲ್ ಎತ್ತಿ ಹಾಕಲು ಹೋದರೆ ಮಾತ್ರ ಕೆಡುತ್ತದೆ. ಎನ್‌ಟಿಯೂಸರ್ ಫೈಲ್ ಒಳಗಿನ ಪ್ರತಿ ಕೀಲಿಯ ಮೇಲೂ ಹಳೆ ಎಸ್‌ಐಡಿಯ ಪರ್ಮಿಶನ್ ಇರುತ್ತದೆ, ಹೊಸ ಯೂಸರ್‌ಗೆ ಅದನ್ನು ಓದಲೂ ಆಗುವುದಿಲ್ಲ. ಪ್ರೊಫೈಲ್ ಒಳಗೆ ಹಳೆ ವಿಂಡೋಸ್‌ನ ಹೆಸರುಗಳಿಗಾಗಿ ಇಟ್ಟ ಜಂಕ್ಷನ್‌ಗಳು ಎಂಬ ಸುತ್ತುದಾರಿಗಳಿವೆ. ವಿಂಡೋಸ್‌ನ ಕಾಪಿ ಕಮಾಂಡ್ ರೋಬೊಕಾಪಿಯಲ್ಲಿ ಅವನ್ನು ಬಿಡಲು ಎಕ್ಸ್‌ಜೆ ಎಂಬ ಆಯ್ಕೆ ಕೊಡದಿದ್ದರೆ ಒಂದೇ ಫೋಲ್ಡರ್ ಒಳಗೊಳಗೇ ಸುತ್ತುತ್ತಾ ಕೂರುತ್ತದೆ. ಸಮಯವೂ ಜಾಸ್ತಿ. ಆಫೀಸಿನಲ್ಲಿ ಇನ್ನೂ 100 ಎಂಬಿಪಿಎಸ್‌ನ ಹಳೆ ಸ್ವಿಚ್ ಇದ್ದರೆ ಸೆಕೆಂಡಿಗೆ ಸುಮಾರು 12 ಎಂಬಿ ಮೀರಿ ಹೋಗುವುದಿಲ್ಲ, 100 ಜಿಬಿಯ ಒಬ್ಬರ ಡೇಟಾ ನೆಟ್‌ವರ್ಕ್ ಮೇಲೆ ಹೋಗಲು ಎರಡು ತಾಸಿಗಿಂತ ಜಾಸ್ತಿ ಬೇಕು. ಕಂಪ್ಯೂಟರ್ ಕೂಡ ಹೊಸದಾಗಿದ್ದರೆ ಕಾಪಿ ಬಿಟ್ಟು ಬೇರೆ ದಾರಿಯಿಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನ ಯುಎಸ್‌ಎಂಟಿ ಇದೆ: ಸ್ಕ್ಯಾನ್‌ಸ್ಟೇಟ್ ಹಳೆ ಕಡೆಯಿಂದ ಎತ್ತುತ್ತದೆ, ಲೋಡ್‌ಸ್ಟೇಟ್ ಹೊಸ ಕಡೆ ಇಳಿಸುತ್ತದೆ, ಇಳಿಸುವಾಗ ಹಳೆ ಡೊಮೇನ್‌ನ ಸವಿತಾಳನ್ನು ಹೊಸ ಡೊಮೇನ್‌ನ ಸವಿತಾಳಿಗೆ ಜೋಡಿಸು ಎಂದು ಹೇಳಬಹುದು. ಒಳ್ಳೆಯ ಸಾಧನ, ಆದರೆ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು.

ಕಂಪ್ಯೂಟರ್ ಹಳೆಯದೇ, ಸರ್ವರ್ ಮಾತ್ರ ಹೊಸದು ಎಂದಾದರೆ ಎರಡನೇ ದಾರಿಯೇ ಮೇಲು. ಉತಾರದಲ್ಲಿ ಹೆಸರು ಬದಲಿಸಿದರೆ ಸಾಕು, ಹೊಲ ಹೊತ್ತು ಸಾಗಿಸುವುದು ಬೇಡ. ಕೈಯಲ್ಲೇ ಮಾಡುವುದಾದರೆ ಹೀಗೆ. ಮೊದಲು ಎಲ್ಲದರ ಒಂದು ಪ್ರತಿ ಬೇರೆ ಡಿಸ್ಕ್‌ಗೆ ತೆಗೆದಿಡಿ. ಹೊಸ ಯೂಸರ್‌ನಿಂದ ಒಂದು ಸಲ ಲಾಗಿನ್ ಆಗಿ ಹೊರಬನ್ನಿ, ಅವರ ಎಸ್‌ಐಡಿ ಪ್ರೊಫೈಲ್‌ಲಿಸ್ಟ್‌ಗೆ ಸೇರುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಅಡ್ಮಿನ್ ಆಗಿ ಬನ್ನಿ. ಹಳೆ ಫೋಲ್ಡರ್ ಮೇಲೆ ಹೊಸ ಯೂಸರ್‌ಗೆ ಪೂರ್ತಿ ಪರ್ಮಿಶನ್ ಕೊಡಿ. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನಲ್ಲಿ ಹಳೆ ಎನ್‌ಟಿಯೂಸರ್ ಫೈಲನ್ನು ಲೋಡ್ ಹೈವ್ ಮೂಲಕ ತೆರೆದು ಅಲ್ಲೂ ಪರ್ಮಿಶನ್ ಕೊಟ್ಟು, ಮರೆಯದೆ ಅನ್‌ಲೋಡ್ ಮಾಡಿ. ಆಪ್‌ಡೇಟಾ ಒಳಗೆ ಯೂಸರ್‌ಕ್ಲಾಸ್ ಎಂಬ ಇನ್ನೊಂದು ರಿಜಿಸ್ಟ್ರಿ ಫೈಲ್ ಇದೆ, ಅದಕ್ಕೂ ಹಾಗೇ. ಕೊನೆಗೆ ಪ್ರೊಫೈಲ್‌ಲಿಸ್ಟ್‌ನಲ್ಲಿ ಹೊಸ ಎಸ್‌ಐಡಿಯ ಕೆಳಗಿನ ಪ್ರೊಫೈಲ್‌ಇಮೇಜ್‌ಪಾತ್ ತೆರೆದು ಹಳೆ ಫೋಲ್ಡರ್‌ನ ದಾರಿ ಬರೆಯಿರಿ. ಈಗ ಹೊಸ ಯೂಸರ್ ಲಾಗಿನ್ ಆದರೆ ಹಳೆ ಡೆಸ್ಕ್‌ಟಾಪ್ ಎದ್ದು ಬರುತ್ತದೆ. ವಿಂಡೋಸ್ 10, 11ರಲ್ಲಿ ಸ್ಟೋರ್ ಆಪ್‌ಗಳು ಕೆಲವೊಮ್ಮೆ ತಕರಾರು ಮಾಡುತ್ತವೆ.

ಇಷ್ಟೆಲ್ಲ ಕೈಯಲ್ಲಿ ಯಾರು ಮಾಡುತ್ತಾರೆ, ಅಲ್ವಾ? ಫೊರೆನ್ಸಿಟ್ ಎಂಬ ಕಂಪನಿಯ ಯೂಸರ್ ಪ್ರೊಫೈಲ್ ವಿಝಾರ್ಡ್ ಇದನ್ನೇ ಮಾಡುತ್ತದೆ, ಕಂಪ್ಯೂಟರ್ ಅನ್ನು ಹೊಸ ಡೊಮೇನ್‌ಗೆ ಸೇರಿಸುವುದನ್ನೂ ಜೊತೆಗೇ ಮುಗಿಸುತ್ತದೆ. ಫೈಲ್ ಸಾಗಿಸುವುದಿಲ್ಲವಾದ್ದರಿಂದ ಡೇಟಾ ಎಷ್ಟೇ ಇದ್ದರೂ ಬೇಗ ಆಗುತ್ತದೆ. ಆದರೂ ಕೈಯಲ್ಲಿ ಮಾಡುವ ಕ್ರಮ ತಿಳಿದಿರಲಿ, ಯಾವುದೋ ಒಂದು ಕಂಪ್ಯೂಟರ್‌ನಲ್ಲಿ ಸಾಧನ ಕೈಕೊಟ್ಟಾಗ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ಇನ್ನು ಪ್ರೊಫೈಲ್ ಮೊದಲೇ ಕೆಟ್ಟು, ಲಾಗಿನ್ ಆಗಲು ಐದು ನಿಮಿಷ ಹಿಡಿಯುತ್ತಿದ್ದರೆ ಅದನ್ನು ಹೊತ್ತು ತರಬೇಡಿ. ಅಂಥವರಿಗೆ ಫೈಲುಗಳನ್ನಷ್ಟೇ ಕೊಟ್ಟು ಹೊಸ ಪ್ರೊಫೈಲ್ ಕೊಡುವುದೇ ಉಪಕಾರ.

ಡೊಮೇನ್ ಬಿಡಿಸುವ ಮೊದಲು ನೋಡಲೇಬೇಕಾದ್ದು ಒಂದಿದೆ. ಆ ಕಂಪ್ಯೂಟರ್‌ನ ಲೋಕಲ್ ಅಡ್ಮಿನ್ ಖಾತೆ ಚಾಲೂ ಇದೆಯಾ, ಪಾಸ್‌ವರ್ಡ್ ಯಾರಿಗಾದರೂ ಗೊತ್ತಾ? ಇಷ್ಟು ದಿನ ಸರ್ವರ್ ಇಲ್ಲದಿದ್ದರೂ ಲಾಗಿನ್ ಆಗುತ್ತಿದ್ದದ್ದು ವಿಂಡೋಸ್ ನೆನಪಿಟ್ಟುಕೊಂಡ ಗುರುತಿನಿಂದ, ಡೊಮೇನ್ ಬಿಟ್ಟ ಕ್ಷಣ ಅದು ನಡೆಯುವುದಿಲ್ಲ. ಪಾಸ್‌ವರ್ಡ್ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನಿಗೆ ಮಾತ್ರ ಗೊತ್ತಿದ್ದರೆ ನೀವು ಹೊರಗೆ ನಿಂತಂತೆಯೇ. ಡಿಎನ್‌ಎಸ್ (ಹೆಸರು ಕೊಟ್ಟರೆ ಕಂಪ್ಯೂಟರ್‌ನ ವಿಳಾಸ ಹೇಳುವ ವ್ಯವಸ್ಥೆ) ಇನ್ನೊಂದು. ಕಂಪ್ಯೂಟರ್‌ಗಳ ಡಿಎನ್‌ಎಸ್ ಹೊಸ ಸರ್ವರ್ ಕಡೆ ತಿರುಗಿರಬೇಕು. ಬ್ರಾಡ್‌ಬ್ಯಾಂಡ್ ರೂಟರ್ ಕಡೆ ಇದ್ದರೆ ಇಂಟರ್ನೆಟ್ ಚೆನ್ನಾಗಿ ಓಡುತ್ತದೆ, ಡೊಮೇನ್ ಮಾತ್ರ ಸಿಗುವುದಿಲ್ಲ. ಗಡಿಯಾರವೂ ಐದು ನಿಮಿಷಕ್ಕಿಂತ ಜಾಸ್ತಿ ಹಿಂದೆ ಮುಂದೆ ಇರಬಾರದು, ಡೊಮೇನ್ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ಒಪ್ಪುವುದಿಲ್ಲ. ವಿಂಡೋಸ್ ಹೋಮ್ ಇರುವ ಲ್ಯಾಪ್‌ಟಾಪ್ ಡೊಮೇನ್‌ಗೆ ಸೇರುವುದೇ ಇಲ್ಲ, ಪ್ರೊ ಬೇಕು.

ಒಡೆತನ ಬದಲಿಸಿದರೂ ಹಿಂದೆ ಉಳಿಯುವ ವಸ್ತುಗಳಿವೆ. ಮುಖ್ಯವಾಗಿ ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳು. ವಿಂಡೋಸ್ ಇವನ್ನು ಡಿಪಿಎಪಿಐ ಎಂಬ ವ್ಯವಸ್ಥೆಯಲ್ಲಿ ಬೀಗ ಹಾಕಿ ಇಡುತ್ತದೆ. ಆ ಬೀಗದ ಕೈ ತಯಾರಾಗುವುದು ಯೂಸರ್‌ನ ಪಾಸ್‌ವರ್ಡ್ ಮತ್ತು ಎಸ್‌ಐಡಿ ಎರಡರಿಂದ, ಅದರ ಬದಲಿ ಕೈ ಇರುವುದು ಹಳೆ ಡೊಮೇನ್ ಕಂಟ್ರೋಲರ್‌ನಲ್ಲಿ. ಫೈಲ್ ಬರುತ್ತದೆ, ತೆರೆಯುವುದಿಲ್ಲ. ಸಿಎ ಆಫೀಸಿನಲ್ಲಿ ನೂರಾರು ಗಿರಾಕಿಗಳ ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ಲಾಗಿನ್ ಕ್ರೋಮ್‌ನಲ್ಲೇ ಕೂತಿರುತ್ತವೆ. ಹಾಗಾಗಿ ಹಳೆ ಡೊಮೇನ್‌ನಲ್ಲಿ ಇರುವಾಗಲೇ, ಆಯಾ ಯೂಸರ್ ಲಾಗಿನ್ ಆಗಿದ್ದಾಗಲೇ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಸಿ. ಆ ಫೈಲ್ ಯಾರು ಬೇಕಾದರೂ ಓದಬಹುದಾದ ರೂಪದಲ್ಲಿರುತ್ತದೆ, ಕೆಲಸ ಮುಗಿದ ಕೂಡಲೇ ಅಳಿಸಿ. ವಿಂಡೋಸ್‌ನದೇ ಇಎಫ್‌ಎಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ (ಬೀಗ ಹಾಕಿದ) ಫೈಲ್ ಇದ್ದರೆ ಅದರ ಸರ್ಟಿಫಿಕೇಟನ್ನೂ ಮೊದಲೇ ಹೊರತೆಗೆಯಿರಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಈ ಚಿಂತೆ ಇಲ್ಲ, ಅದರ ಕೀಲಿ ಟೋಕನ್ ಒಳಗೇ ಇರುತ್ತದೆ.

ಔಟ್‌ಲುಕ್‌ನಲ್ಲಿ ಪಿಎಸ್‌ಟಿ ಮತ್ತು ಒಎಸ್‌ಟಿ ಎಂದು ಎರಡಿವೆ. ಒಎಸ್‌ಟಿ ಸರ್ವರ್‌ನ ಮೇಲ್‌ಗಳ ನಕಲು, ಹೋದರೂ ಮತ್ತೆ ಇಳಿಯುತ್ತದೆ. ಆದರೆ ಆ ಮೇಲ್ ಸರ್ವರ್ ಎಂದರೆ ನೀವು ತೆಗೆಯುತ್ತಿರುವ ಹಳೆ ಸರ್ವರ್‌ನೊಳಗಿನ ಎಕ್ಸ್‌ಚೇಂಜ್ ಆಗಿದ್ದರೆ ಎಚ್ಚರ, ಮೊದಲು ಮೇಲ್‌ಗಳನ್ನು ಬೇರೆಡೆ ಸಾಗಿಸಬೇಕು. ಪಿಎಸ್‌ಟಿ ಹಾಗಲ್ಲ. ಪಾಪ್ ಖಾತೆಯಾಗಿ (ಮೇಲ್ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಬಗೆ) ಮೇಲ್‌ಗಳನ್ನು ಸರ್ವರ್‌ನಿಂದ ಅಳಿಸುತ್ತಾ ಬಂದಿದ್ದರೆ ಹತ್ತು ವರ್ಷದ ಪತ್ರವ್ಯವಹಾರ ಆ ಒಂದೇ ಫೈಲಿನಲ್ಲಿರುತ್ತದೆ.

ನಮ್ಮ ಕಡೆಯದೇ ಆದ ಒಂದು ತೊಡಕು ಫಾಂಟಿನದು. ವಿಂಡೋಸ್ 10ರ 1809 ಆವೃತ್ತಿಯಿಂದ ಅಡ್ಮಿನ್ ಅಲ್ಲದವರೂ ಫಾಂಟ್ ಹಾಕಿಕೊಳ್ಳಬಹುದು, ಆದರೆ ಅದು ಅವರ ಆಪ್‌ಡೇಟಾದಲ್ಲಿ, ಅವರೊಬ್ಬರಿಗೆ ಮಾತ್ರ ಕೂರುತ್ತದೆ. ಗದಗಿನ ಪ್ರೆಸ್ಸಿನಲ್ಲಿ ಆಪರೇಟರ್ ನುಡಿ ಫಾಂಟನ್ನು ಹಾಗೆ ಹಾಕಿಕೊಂಡಿದ್ದಾರೆ ಅನ್ನಿ. ಹೊಸ ಪ್ರೊಫೈಲ್‌ನಲ್ಲಿ ಅದೇ ಫೈಲ್ ತೆರೆದರೆ ಲಗ್ನಪತ್ರಿಕೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಫೈಲ್ ಕೆಟ್ಟಿಲ್ಲ, ಯೂನಿಕೋಡ್ ಅಲ್ಲದ ಹಳೆ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದೆ ಹಾಗೇ ಕಾಣುವುದು. ಅಡ್ಮಿನ್ ಆಗಿ ಎಲ್ಲ ಯೂಸರ್‌ಗಳಿಗೂ ಎಂದು ಹಾಕಿದರೆ ಸರಿಯಾಯಿತು.

ಟ್ಯಾಲಿಯ ಲೈಸೆನ್ಸ್ ಹಳೆ ಸರ್ವರ್‌ಗೆ ಅಂಟಿದ್ದರೆ ಅದು ಚಾಲೂ ಇರುವಾಗಲೇ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ. ಉಳಿದ ಕಂಪ್ಯೂಟರ್‌ಗಳ ಟ್ಯಾಲಿಗೆ ಹೊಸ ಸರ್ವರ್‌ನ ವಿಳಾಸ ಕೊಡಬೇಕು.

ಕೆಲವು ಆಫೀಸುಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಸರ್ವರ್‌ನಲ್ಲೇ ಇರುತ್ತವೆ, ಫೋಲ್ಡರ್ ರೀಡೈರೆಕ್ಷನ್ ಅಂತ. ಇಲ್ಲಿ ಎಚ್ಚರ ಜಾಸ್ತಿ ಬೇಕು. ಎನ್‌ಟಿಯೂಸರ್ ಒಳಗೆ ಹಳೆ ಸರ್ವರ್ ಹೆಸರಿನ ದಾರಿಯೇ ಬರೆದಿರುತ್ತದೆ, ಒಡೆತನ ಬದಲಿಸಿದರೂ ಡೆಸ್ಕ್‌ಟಾಪ್ ಇಲ್ಲದ ಸರ್ವರ್ ಅನ್ನು ಹುಡುಕುತ್ತಾ ಕೂರುತ್ತದೆ. ಜೊತೆಗೆ ಆಫ್‌ಲೈನ್ ಫೈಲ್ಸ್ ಚಾಲೂ ಇದ್ದರೆ ಸರ್ವರ್‌ಗೆ ಇನ್ನೂ ಸೇರದ ಬದಲಾವಣೆಗಳು ಕಂಪ್ಯೂಟರ್‌ನ ಸಿಎಸ್‌ಸಿ ಎಂಬ ಮರೆಯಾದ ಫೋಲ್ಡರ್‌ನಲ್ಲಿ ಸಿಕ್ಕಿಕೊಂಡಿರುತ್ತವೆ. ಹಳೆ ಸರ್ವರ್ ಬದುಕಿರುವಾಗಲೇ ಸಿಂಕ್ ಸೆಂಟರ್ ತೆರೆದು ಎಲ್ಲ ಸೇರಿದೆಯಾ ನೋಡಿ, ಸರ್ವರ್‌ನ ಗ್ರೂಪ್ ಪಾಲಿಸಿಯಲ್ಲಿ ಫೋಲ್ಡರ್‌ಗಳು ಆಯಾ ಕಂಪ್ಯೂಟರ್‌ಗೇ ವಾಪಸ್ ಬರುವಂತೆ ಮಾಡಿ, ಬಂದದ್ದು ಖಾತ್ರಿಯಾದ ಮೇಲೆಯೇ ಮುಂದುವರಿಯಿರಿ.

ಯಾವಾಗ ಮಾಡುವುದು? ಜಿಎಸ್‌ಟಿ ರಿಟರ್ನ್ ಸಲ್ಲಿಸುವ 11 ಮತ್ತು 20ನೇ ತಾರೀಖಿನ ಹಿಂದೆಮುಂದೆ ಬೇಡ. ಸಿಎ ಆಫೀಸಾದರೆ ಜುಲೈ ಬೇಡವೇ ಬೇಡ. ಬ್ಯಾಡಗಿಯಲ್ಲಾದರೆ ಮಾರ್ಕೆಟ್ ತುಂಬ ಮೆಣಸಿನಕಾಯಿ ಚೀಲ ಬೀಳುವ ಜನವರಿಯಿಂದ ಮಾರ್ಚ್‌ವರೆಗೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಶನಿವಾರ ಮಧ್ಯಾಹ್ನ ಒಬ್ಬರ ಕಂಪ್ಯೂಟರ್ ಮಾಡಿ, ಅದೂ ಮಾತಾಡಲು ಹಿಂಜರಿಯದವರದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೂಆಮ್‌ಐ ಕಮಾಂಡ್ ಯೂಸರ್ ಆಯ್ಕೆಯೊಂದಿಗೆ ಕೊಟ್ಟರೆ ಎಸ್‌ಐಡಿ ತೋರಿಸುತ್ತದೆ, ಮೊದಲು ಮತ್ತು ಆಮೇಲೆ ಎರಡೂ ಬರೆದಿಟ್ಟುಕೊಳ್ಳಿ. ಪ್ರಿಂಟ್ ತೆಗೆಸಿ, ಔಟ್‌ಲುಕ್ ತೆರೆಸಿ, ಒಂದು ಬಿಲ್ ಹಾಕಿಸಿ. ಎಲ್ಲ ಸರಿ ಎಂದ ಮೇಲೆ ಉಳಿದವರದು.

ಸೋಮವಾರ ಯಾರಿಗಾದರೂ "ಟೆಂಪರರಿ ಪ್ರೊಫೈಲ್" ಎಂಬ ಸಂದೇಶ ಬಂದರೆ ಕೂಡಲೇ ಕೆಲಸ ನಿಲ್ಲಿಸಲು ಹೇಳಿ. ಅದರೊಳಗೆ ಸೇವ್ ಮಾಡಿದ್ದೆಲ್ಲ ಲಾಗೌಟ್ ಆದ ಕೂಡಲೇ ಅಳಿಸಿಹೋಗುತ್ತದೆ. ಈಗಾಗಲೇ ಏನಾದರೂ ಮಾಡಿದ್ದರೆ ಮೊದಲು ಅದನ್ನು ಸಿ ಡ್ರೈವ್‌ನ ಬೇರೆ ಫೋಲ್ಡರ್‌ಗೋ ಪೆನ್ ಡ್ರೈವ್‌ಗೋ ಹಾಕಿಸಿ. ಇಂಥ ಕಡೆ ಪ್ರೊಫೈಲ್‌ಲಿಸ್ಟ್ ತೆರೆದರೆ ಆ ಎಸ್‌ಐಡಿ ಎರಡು ಸಲ, ಒಂದಕ್ಕೆ ಬಿಎಕೆ ಎಂಬ ಬಾಲದೊಂದಿಗೆ ಕಾಣುವುದುಂಟು. ಬಾಲ ಇರುವುದು ನಿಜವಾದ ಪ್ರೊಫೈಲಿನದು. ಬಾಲ ಇಲ್ಲದ್ದನ್ನು ಬೇರೆ ಹೆಸರಿಗೆ ಬದಲಿಸಿ, ಇದರ ಬಾಲ ತೆಗೆದು ರೀಸ್ಟಾರ್ಟ್ ಮಾಡಿದರೆ ಬಹುಪಾಲು ಸರಿಹೋಗುತ್ತದೆ.

ಹಳೆ ಸರ್ವರ್ ಅನ್ನು ಕೂಡಲೇ ಗುಜರಿಗೆ ಹಾಕಬೇಡಿ. ಆಫ್ ಮಾಡಿ ಒಂದೆರಡು ತಿಂಗಳು ಮೂಲೆಯಲ್ಲಿ ಇಡಿ, ತಿಂಗಳ ಕೊನೆಗೆ ಮಾತ್ರ ನೆನಪಾಗುವ ಫೈಲುಗಳು ಇದ್ದೇ ಇರುತ್ತವೆ. ಕಂಪ್ಯೂಟರ್‌ಗಳಲ್ಲಿ ಉಳಿದ ಖಾಲಿ ಪ್ರೊಫೈಲ್‌ಗಳನ್ನು ತೆಗೆಯುವಾಗಲೂ ಫೋಲ್ಡರ್ ಮೇಲೆ ಹೋಗಿ ಡಿಲೀಟ್ ಒತ್ತಬೇಡಿ, ರಿಜಿಸ್ಟ್ರಿಯಲ್ಲಿ ಅದರ ಲೆಕ್ಕ ಉಳಿದು ಮುಂದೆ ಅದೇ ಟೆಂಪರರಿ ಪ್ರೊಫೈಲ್ ಕಾಟ ಶುರುವಾಗಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಯೂಸರ್ ಪ್ರೊಫೈಲ್ಸ್ ಎಂದಿದೆ, ತೆಗೆಯುವುದು ಅಲ್ಲಿಂದ. ಹಳೆ ಡೊಮೇನ್‌ನವು ಅಲ್ಲಿ "ಅಕೌಂಟ್ ಅನ್‌ನೋನ್" ಎಂಬ ಹೆಸರಿನಲ್ಲಿ ಕಾಣುತ್ತವೆ. ಅಳಿಸುವ ಮೊದಲು ಅದರ ಗಾತ್ರ ನೋಡಿ. ಖಾಲಿ ಪ್ರೊಫೈಲ್ ಎಂದುಕೊಂಡದ್ದು 40 ಜಿಬಿ ತೋರಿಸುತ್ತಿದ್ದರೆ ಕೈ ತೆಗೆದು ಆ ಕಂಪ್ಯೂಟರ್‌ನಲ್ಲಿ ಯಾರು ಕೂರುತ್ತಿದ್ದರು ಎಂದು ವಿಚಾರಿಸಿ.